ಮೂವತ್ತೆರಡು ಬಲಗೈ ಹೆಬ್ಬೆಟ್ಟು

೧೯೪೮ರ ಮಳೆಗಾಲ. ಶಹಾಪುರ ಸೀಮೆಯ ಒಂದು ಸರಕಾರಿ ಕಚೇರಿಯಲ್ಲಿ ನಾನು ದಸ್ತಾವೇಜು ನೋಂದಣಿಯ ಮುನಶಿಯಾಗಿದ್ದೆ. ಹೊಲಮನೆಯ ಪತ್ರಗಳನ್ನು ಉರ್ದುವಿನಲ್ಲಿ ಬರೆಯುವುದು, ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನ್ನ ಕೆಲಸ. ಸುತ್ತಲಿನ ಸಂಸ್ಥಾನಗಳೆಲ್ಲ ಹಿಂದುಸ್ತಾನ ಸೇರಿದ್ದವು. ನಮ್ಮ ಹೈದರಾಬಾದ್ ಮಾತ್ರ ಬೇರೆಯಾಗಿಯೇ ಉಳಿಯುತ್ತೇನೆಂದು ಹಟ ಹಿಡಿದಿತ್ತು.

ಒಂದು ಬೆಳಿಗ್ಗೆ ಸಂಸ್ಥಾನದ ಪರವಾಗಿ ಕೋವಿ ಹಿಡಿದ ಇಬ್ಬರು ಕಚೇರಿಗೆ ಬಂದು, ಮಸಿಡಬ್ಬಿಯ ಸಮೇತ ನನ್ನನ್ನು ಗೋಗಿಯ ಆಚೆಗಿನ ಒಂದು ಸಣ್ಣ ಊರಿಗೆ ಕರೆದೊಯ್ದರು. ‘ನಾವು ಸ್ವತಂತ್ರ ಸಂಸ್ಥಾನದ ಕಡೆ’ ಎಂದು ಬರೆದ ಪತ್ರಕ್ಕೆ ಊರಿನ ಗಂಡಸರೆಲ್ಲ ಹೆಬ್ಬೆಟ್ಟು ಒತ್ತಬೇಕಿತ್ತು. ಒಲ್ಲೆ ಎಂದರೆ ಊರಿಗೆ ಬೆಂಕಿ ಬೀಳುತ್ತದೆಂದು ಬಾಯಿಬಿಟ್ಟೇ ಹೇಳಿದರು.

ಮೊದಲು ಬಂದವರು ಊರಿನ ಪಾಟೀಲರಾದ ಮಲ್ಕಣ್ಣಗೌಡರು. ಎಷ್ಟೋ ಖರೀದಿಗಳಿಗೆ ಸಾಕ್ಷಿಯಾಗಿ ನಮ್ಮ ಕಚೇರಿ ಮೆಟ್ಟಿಲು ಹತ್ತಿದ್ದವರು. ನೆಟ್ಟಗಿದ್ದ ಎಡಗೈಯನ್ನು ಧೋತರದ ಮರೆಗೆ ಸರಿಸಿ, “ಎಡಗೈಗಿ ಗಾಯ ಆಗ್ಯಾದ್ರಿ, ಮುನಶಿ ಸಾಹೇಬ್ರ. ಬಲಗೈ ನಡೀತದಲ್ರಿ?” ಅಂದರು.

ನನಗೆ ಥಟ್ಟನೆ ತಿಳಿಯಿತು. ಗಂಡಸರದು ಎಡಗೈ ಹೆಬ್ಬೆಟ್ಟೇ ಆಗಬೇಕೆಂಬುದು ನಮ್ಮ ಕಚೇರಿಯ ಕಾಯಿದೆ. ಗಾಯವಿದ್ದರೆ ಬದಿಯಲ್ಲಿ ಕಾರಣದ ಷರಾ ಬರೆದು ಬಲಗೈ ತೆಗೆದುಕೊಳ್ಳಬಹುದು. ಷರಾ ಇಲ್ಲದ ಬಲಗೈ ಗುರುತು ರದ್ದಿ ಕಾಗದಕ್ಕೆ ಸಮ. ನಾನು “ನಡೀತದ್ರಿ” ಅಂದೆ, ಷರಾ ಬರೆಯಲಿಲ್ಲ. ಆಮೇಲೆ ಸಾಲಾಗಿ ಬಂದವರೆಲ್ಲ ಬಲಗೈಯನ್ನೇ ಚಾಚಿದರು. ಒಟ್ಟು ಮೂವತ್ತೆರಡು. ಕೋವಿಯವರು ಮಸಿ ನೋಡಿದರೇ ಹೊರತು ಕೈ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು, ಸಂಸ್ಥಾನ ಸೋತಿತು. ಈಗ ಯಾರು ಯಾವ ಕಡೆ ಇದ್ದರೆಂಬ ತಪಾಸಣೆ ಶುರುವಾಯಿತು. ಧಾರವಾಡದ ಕಡೆಯಿಂದ ಬಂದ ಹೊಸ ಅಧಿಕಾರಿಯ ಕೈಗೆ ಆ ಪತ್ರ ಸಿಕ್ಕಿತು. ಗೌಡರನ್ನು ನಮ್ಮ ಕಚೇರಿಗೆ ಹಿಡಿದು ತಂದರು. ಅವರು ಬಲಗೈಯ ಸಂಗತಿ ಹೇಳಿದರೆ ಅಧಿಕಾರಿ, “ಈಗ ಎಲ್ಲಾರೂ ಒಂದೊಂದು ಕತಿ ಹೇಳ್ತಾರ” ಎಂದು ಜೈಲಿಗೆ ಕಳಿಸುವ ಕಾಗದ ಎಳೆದುಕೊಂಡರು.

ನಾನು ಅದೇ ಕೋಣೆಯಲ್ಲಿದ್ದೆ. ಬಾಯಿಬಿಟ್ಟರೆ ಬೇಕೆಂದೇ ಕೆಟ್ಟ ದಸ್ತಾವೇಜು ಮಾಡಿದವನೆಂದು ನೌಕರಿ ಹೋಗಬಹುದು. ಮೇಲಾಗಿ ನಾನು ಮುಸಲ್ಮಾನ, ಆ ದಿನಗಳಲ್ಲಿ ನನ್ನ ಮಾತನ್ನು ಯಾರು ನಂಬಬೇಕು? ನಾಚಿಕೆಯಿಂದ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನಿದ್ದೆ. ಗೌಡರು ನನ್ನ ಕಡೆ ನೋಡಲೂ ಇಲ್ಲ. ಅದೇ ನನ್ನನ್ನು ಎಬ್ಬಿಸಿ ನಿಲ್ಲಿಸಿತು.

“ಅವರಂದದ್ದು ಖರೇ ಅದರಿ. ಗಾಯ ಇದ್ದಿಲ್ಲ, ನನಗ ಗೊತ್ತಿತ್ತು. ಷರಾ ಬರೀಲಿಲ್ಲ. ಬೇಕಾದ್ರ ನನ್ನ ನೌಕರಿ ತಗೀರಿ, ಗೌಡರನ್ನ ಬಿಡ್ರಿ” ಅಂದೆ.

ಅಧಿಕಾರಿ ಕಾಯಿದೆ ಪುಸ್ತಕ ತರಿಸಿ ಓದಿದರು. ಗೌಡರ ಎರಡೂ ಹೆಬ್ಬೆಟ್ಟು ಒತ್ತಿಸಿ, ಭೂತಗನ್ನಡಿ ಹಿಡಿದು ಆ ಪತ್ರದ ಗುರುತಿಗೆ ಹೋಲಿಸಿದರು. ಹಿಂದೆಯೇ ಬಂದಿದ್ದ ಊರಿನ ಐವರದೂ ಹಾಗೆಯೇ ನೋಡಿದರು. ಎಲ್ಲವೂ ಬಲಗೈ. ಕೊನೆಗೆ ಭೂತಗನ್ನಡಿ ಕೆಳಗಿಟ್ಟು ನಕ್ಕೇಬಿಟ್ಟರು. “ಇಡೀ ಊರಿಗೇ ಎಡಗೈ ಗಾಯ ಏನ್ರಿ!” ಅಂದವರೇ ಜೈಲಿನ ಕಾಗದ ಹರಿದು ಹಾಕಿದರು. ನನ್ನ ನೌಕರಿಯೂ ಉಳಿಯಿತು.

ಹೊರಗೆ ಬಂದ ಮೇಲೆ, “ನನ್ನ ಕಡೆ ಯಾಕ ನೋಡಲಿಲ್ರಿ, ಗೌಡ್ರ?” ಎಂದು ಕೇಳಿದೆ.

“ನಿಮಗ ಮಕ್ಕಳ ಅದಾವಲ್ರಿ. ನೋಡಿದ್ರ ನೀವು ಎದ್ದು ನಿಂದ್ರತಿದ್ರಿ” ಅಂದರು.

ಮುಂದೆ ಬಹಳ ವರ್ಷ ನೌಕರಿ ಮಾಡಿದೆ. ಸಾವಿರಾರು ಜನರ ಹೆಬ್ಬೆಟ್ಟು ಹಿಡಿದೆ. ಅದನ್ನು ಮಸಿಗೆ ಒತ್ತುವ ಮೊದಲು ಆ ಮನುಷ್ಯನ ಮುಖ ನೋಡಬೇಕೆಂಬುದನ್ನು ನನಗೆ ಕಲಿಸಿದ್ದು ಯಾವ ಕಾಯಿದೆ ಪುಸ್ತಕವೂ ಅಲ್ಲ, ಆ ದಿನ ನನ್ನ ಮುಖ ನೋಡದೆ ನಿಂತಿದ್ದ ಮಲ್ಕಣ್ಣಗೌಡರು.