ಕೂಗದ ಬಾಣಂತಿ

ಕೋವಿಡ್ ವಾರ್ಡುಗಳನ್ನು ಮುಚ್ಚಿದ ಮರುವರ್ಷ. ನಾನಾಗ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್. ಸುಟ್ಟಗಾಯ, ಸೀಳುತುಟಿ, ಅಪಘಾತದಲ್ಲಿ ಜಜ್ಜಿದ ಮುಖ, ಇವೇ ನಮ್ಮ ನಿತ್ಯದ ಕೆಲಸ. ಚಂದಕ್ಕಾಗಿ ಬರುವವರು ಕಡಿಮೆ. ಉಚ್ಚಿಲದ ಪ್ರತಿಮಾಳನ್ನೂ (ಹೆಸರು ಬದಲಿಸಿದ್ದೇನೆ) ಸುಟ್ಟಗಾಯದ ರೋಗಿಯೆಂದೇ ಸೇರಿಸಿಕೊಂಡೆವು.

ಹೆರಿಗೆಯಾಗಿ ತಿಂಗಳೂ ತುಂಬಿರಲಿಲ್ಲ. ಕಾರ್ಕಳದ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನವನ್ನು ಅತ್ತೆ ಗಿರಿಜಕ್ಕನೇ ವಹಿಸಿಕೊಂಡಿದ್ದರು. ಕಾಪುವಿನ ಮಾರ್ಕೆಟಿನಲ್ಲಿ ಮೀನು ಮಾರುವ ಹೆಂಗಸು, ಸೊಸೆಗಾಗಿ ವ್ಯಾಪಾರವನ್ನೇ ನಿಲ್ಲಿಸಿದ್ದರು. ನಮ್ಮ ಕಡೆ ಬಾಣಂತಿಯ ಸೊಂಟಕ್ಕೆ ಹಂಡೆಯ ನೀರನ್ನು ಚೆಂಬಿನಲ್ಲಿ ಬೀಸಿ ಹೊಯ್ಯುತ್ತಾರೆ. ಬಿಸಿಗೆ ಅಳತೆ ಎಂದರೆ ಬಾಣಂತಿಯ ಬಾಯಿ. ಅವಳು "ಅಯ್ಯೋ, ಸಾಕು" ಎಂದು ಕೂಗಿದರೆ ತಣ್ಣೀರು ಬೆರೆಸುತ್ತಾರೆ. ಪ್ರತಿಮಾ ಕೂಗಿರಲಿಲ್ಲ. ಪೃಷ್ಠದ ಮೇಲೆ ಅಂಗೈ ಅಗಲಕ್ಕೆ ಗುಳ್ಳೆಯೆದ್ದು ಚರ್ಮ ಸುಲಿದಿತ್ತು.

ನೋಡಿದರೆ ಕೆಲವು ವಾರದಲ್ಲಿ ಮಾಯಬೇಕಾದ ಗಾಯ. ಮಾಯಲಿಲ್ಲ. ಜ್ವರ ಏರಿತು, ಒತ್ತಿದರೆ ಕೀವಿನ ಜೊತೆ ಎಣ್ಣೆ ಬಂತು. ಎಂ.ಆರ್.ಐ.ಯಲ್ಲಿ ಎರಡೂ ಕಡೆ ಗಂಟುಗಳು ಕಂಡವು. ಎಲ್ಲರನ್ನೂ ಹೊರಗೆ ಕಳುಹಿಸಿ ಕೇಳಿದಾಗ ನಿಜ ಹೊರಬಂತು. ಮದುವೆಗೆ ಮುಂಚೆ ಗಲ್ಫಿನಲ್ಲಿ ಬ್ಯೂಟಿ ಪಾರ್ಲರ್ ಕೆಲಸದಲ್ಲಿದ್ದಾಗ ಆಕೆ ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಕೊಬ್ಬು ತೆಗೆಸಿ ಪೃಷ್ಠಕ್ಕೆ ತುಂಬಿಸಿಕೊಂಡಿದ್ದಳು.

ಇದನ್ನು ಫ್ಯಾಟ್ ಟ್ರಾನ್ಸ್‌ಫರ್ ಎನ್ನುತ್ತೇವೆ. ಹಾಗೆ ತುಂಬಿದ ಕೊಬ್ಬಿನಲ್ಲಿ ಒಂದಿಷ್ಟು ಕರಗಿಹೋಗುತ್ತದೆ, ಒಂದಿಷ್ಟು ಬದುಕುತ್ತದೆ. ರಕ್ತ ಸಿಗದ ಪಾಲು ಸತ್ತು, ಎಣ್ಣೆಯ ಚೀಲವೋ ಗಂಟೋ ಆಗಿ ವರ್ಷಗಟ್ಟಲೆ ಒಳಗೇ ಉಳಿಯಬಹುದು. ಹಲವರಿಗೆ ತೊಂದರೆಯೇ ಆಗದು. ಇವಳಿಗೆ ಗಂಟಿನ ಜೊತೆ ಮೇಲಿನ ಚರ್ಮವೂ ಮರಗಟ್ಟಿತ್ತು.

"ಬಿಸಿ ಗೊತ್ತಾಗ್ಲಿಲ್ವಾ?"

"ಇಲ್ಲ ಡಾಕ್ಟ್ರೆ. ಅಲ್ಲಿ ಎಂತದೂ ಗೊತ್ತಾಗುದಿಲ್ಲ ನನಗೆ. ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ಇವರು ನನ್ನನ್ನು ಇಟ್ಕೊಳ್ಳುದಿಲ್ಲ."

ರೋಗಿಯ ಗುಟ್ಟು ಕಾಯುವುದು ನಮ್ಮ ಧರ್ಮ. ಕಾದೆ. ಸುಟ್ಟಗಾಯದ ಸೋಂಕು ಒಳಗಿನ ಗಂಟುಗಳಿಗೆ ಇಳಿದು ರಕ್ತಕ್ಕೂ ಸೇರಿತ್ತು. ಆ ಭಾಗವನ್ನು ಮತ್ತೆ ಮತ್ತೆ ಕತ್ತರಿಸಿ ತೆಗೆಯಬೇಕಾಯಿತು. ಅವಳು ಉಳಿಯುವ ಭರವಸೆ ನನಗೇ ಇರಲಿಲ್ಲ. ಅತ್ತ ಗಲ್ಫಿನಿಂದ ಓಡಿಬಂದ ಗಂಡ ವಾರ್ಡಿನ ಎದುರಲ್ಲೇ ತಾಯಿಗೆ, "ನನ್ನ ಹೆಂಡತಿಯನ್ನು ಬೇಯಿಸಿ ಹಾಕಿದ್ರಿ" ಎಂದು ಕಿರುಚಿ, ಮಗುವನ್ನು ಅವರ ಕೈಯಿಂದ ಕಿತ್ತು ತಂಗಿಗೆ ಕೊಟ್ಟ. ಗಿರಿಜಕ್ಕ ಊಟ ಬಿಟ್ಟರು.

ಒಂದು ದಿನ ಅವರು ನನ್ನನ್ನು ಅಡ್ಡಗಟ್ಟಿದರು. "ನನ್ನ ಕೈಯಿಂದಲೇ ಆದದ್ದಲ್ವಾ ಡಾಕ್ಟ್ರೆ? ಅವಳು ಹೋದ್ರೆ ನಾನೂ ಇರುದಿಲ್ಲ."

"ಕಾರಣ ನೀರೊಂದೇ ಅಲ್ಲಮ್ಮ."

"ಮತ್ತೆಂತ ಉಂಟು?"

ಬಾಯಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ನಾನು ತಲೆ ತಗ್ಗಿಸಿದೆ. ಅದನ್ನೇ ಅವರು ಉತ್ತರ ಎಂದುಕೊಂಡು ಅಲ್ಲೇ ನೆಲದಲ್ಲಿ ಕುಸಿದರು.

ನಾನು ಮೊದಲೇ ಮುಂಗೋಪಿ. ನೇರ ಪ್ರತಿಮಾಳ ಹಾಸಿಗೆಗೆ ಹೋಗಿ, "ನಿನ್ನ ಗುಟ್ಟು ನಾನು ಬಿಟ್ಟುಕೊಡುದಿಲ್ಲ. ಆದ್ರೆ ಹೊರಗೆ ಆ ಹೆಂಗಸು ಬದುಕಿದ್ದೂ ಸಾಯ್ತಾ ಇದ್ದಾರೆ, ತಿಳ್ಕೋ" ಎಂದೆ. ಅವಳು ಗೋಡೆಗೆ ಮುಖ ತಿರುಗಿಸಿದಳು.

ಮರುದಿನ ಡ್ರೆಸ್ಸಿಂಗ್ ಹೊತ್ತಿಗೆ ಅವಳೇ ಅತ್ತೆಯನ್ನು ಕರೆಸಿದಳು. ಬೋರಲು ಮಲಗಿದಲ್ಲೇ ಅವರ ಕೈ ಹಿಡಿದು, "ಮಾಮಿ, ತಪ್ಪು ನಿಮ್ಮದಲ್ಲ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. ಈಗ ಬೈಗುಳದ ಮಳೆ ಸುರಿಯುತ್ತದೆಂದು ನಾನು ಕಾದೆ. ಗಿರಿಜಕ್ಕ ಸೆರಗಿನಿಂದ ಸೊಸೆಯ ಮುಖ ಒರೆಸಿದರು.

"ಬಿಸಿ ಗೊತ್ತಾಗುದಿಲ್ಲ ಅಂತ ಒಂದು ಮಾತು ಹೇಳ್ಬಾರದಿತ್ತಾ ಮಗಾ? ಎಂತಕ್ಕೆ ಅಂತ ನಾನು ಕೇಳ್ತಿರಲಿಲ್ಲ. ನೀರು ತಣಿಸ್ತಿದ್ದೆ."

ನರ್ಸ್ ಕಣ್ಣೊರೆಸಿಕೊಂಡಳು. ನಾನೂ.

ಪ್ರತಿಮಾ ಉಳಿದಳು. ಒಂದು ಬದಿ ಗುಂಡಿ ಬಿದ್ದಿದೆ, ಹೆಚ್ಚು ಹೊತ್ತು ಕೂರಲಾಗದು, ಮೊದಲಿನಂತೆ ಮಾಡಿಕೊಡುವುದು ನನ್ನಿಂದಲೂ ಆಗಲಿಲ್ಲ. ವಿಷಯ ತಿಳಿದ ಗಂಡ ಬಹಳ ದಿನ ಹೆಂಡತಿಯೊಡನೆ ಮಾತಾಡಲಿಲ್ಲ. ಮಗುವನ್ನು ಮಾತ್ರ ತಂದು ಗಿರಿಜಕ್ಕನ ಮಡಿಲಿಗೆ ಹಾಕಿದ.

ಈಗ ಇಂಥ ಶಸ್ತ್ರಚಿಕಿತ್ಸೆ ಕೇಳಿಕೊಂಡು ಯಾರೇ ಬರಲಿ, ಮನೆಯಲ್ಲಿ ಯಾರಿಗೆ ಹೇಳಿದ್ದೀರಿ ಎಂದು ಮೊದಲು ಕೇಳುತ್ತೇನೆ. ಯಾರಿಗೂ ಇಲ್ಲ ಎಂದರೆ ಹೇಳಿ ಬನ್ನಿ ಎಂದು ಕಳುಹಿಸುತ್ತೇನೆ. ಕೆಲವರು ಸಿಟ್ಟಾಗಿ ಬೇರೆ ಕಡೆ ಹೋಗುತ್ತಾರೆ, ಹೋಗಲಿ. ಆ ಮೈ ನಮ್ಮ ಕೈಯಲ್ಲಿರುವುದು ಕೆಲವು ಗಂಟೆ. ಮುಂದೆ ಅದಕ್ಕೆ ನೀರು ಹೊಯ್ಯುವವರು ಬೇರೆಯವರು.