ತೇಪೆ ಹಾಕಿದ ಬೂಟು

"ರಾಯರ, ಈ ಬೂಟು ಎಲ್ಲಿ ಸಿಕ್ವ್ರಿ?"

ಸಂಡೂರು ಗುಡ್ಡದ ಹಳ್ಳಕ್ಕೆ ನಾನು ಇಳಿಯುವಷ್ಟರಲ್ಲಿ, ಮೀನಿನ ಜಾಗ ತೋರಿಸಲೆಂದು ಬುಕ್ಕಸಾಗರದಿಂದ ಕರೆತಂದಿದ್ದ ಮೀನುಗಾರ ಹನುಮಪ್ಪ ಅಡ್ಡ ನಿಂತು ಕೇಳಿದ. ನಮ್ಮ ಇಂಗ್ಲಿಷ್ ದೊರೆಗಳು ಗಾಳಕ್ಕೆ ಹಕ್ಕಿಗರಿಯಿಂದ ಮಾಡಿದ ಹುಸಿ ನೊಣ ಕಟ್ಟಿ ಮೀನಿಗೆ ಮೋಸ ಮಾಡುವವರು. ಗುಮಾಸ್ತನಾದ ನನಗೂ ತಕ್ಕ ಉಡುಪಿನಲ್ಲಿ ಬರಲು ಅಪ್ಪಣೆಯಾಗಿತ್ತು. ಅದರಂತೆ ಕರಿ ಕೋಟು, ಜರಿ ರುಮಾಲು, ಪಂಚೆಯ ಮೇಲೆ ತೊಡೆಮಟ್ಟದ ಹಳೆಯ ಚರ್ಮದ ಬೂಟು ಧರಿಸಿ, ಮೀನುಗಳ ದರ್ಬಾರಿಗೆ ಹೊರಟವನಂತಿದ್ದೆ.

"ಹೊಸಪೇಟಿ ಸಂತ್ಯಾಗ," ಎಂದೆ.

ಅವನು ಕುಕ್ಕರಗಾಲಲ್ಲಿ ಕೂತು ಬೂಟಿನ ತೇಪೆಯನ್ನು ಸವರಿದ. ಬಲೆಯ ದಾರದ ಹೊಲಿಗೆ, ಬಲೆಯದೇ ಗಂಟು.

"ಈ ಗಂಟು ನಂದು. ಹಿಂದಿನ ದೊರಿ ನನ್ನ ತಮ್ಮಗ ಕೊಟ್ಟಿದ್ದ ಬೂಟು. ಹೊಳ್ಯಾಗ ಜಾರಿದ, ಬೂಟಿನ್ಯಾಗ ನೀರು ತುಂಬ್ತು, ಮ್ಯಾಲೆ ಬರ್ಲೇ ಇಲ್ಲ. ಹೆಣದ ಕಾಲಿಂದ ಬಿಚ್ಚಿ ಹೊಳಿಗೇ ಒಗದಿದ್ನಿ. ಯಾವನು ಎತ್ತಿ ಮಾರಿದ್ನೋ! ಬಿಚ್ರಿ, ರಾಯರ. ಮೀನಿನ ಮುಂದ ಲಂಗೋಟಿನೇ ಭಾಳ ಆತು."

ಬಿಚ್ಚಿಕೊಟ್ಟೆ. ಬೂಟು ಅವನಿಗೆ ಬೇಡವಾಗಿತ್ತು. ತೇಪೆಯ ದಾರವನ್ನು ಮಾತ್ರ ಒಂದೊಂದೇ ಗಂಟು ಬಿಡಿಸಿ, ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡ. ನಾನು ಪಂಚೆ ಎತ್ತಿ ಕಟ್ಟಿ ನೀರಿಗಿಳಿದೆ. ದೊರೆಗಳು ಮುಖ ಸಿಂಡರಿಸಿದರು.

ತೂತುಬಿದ್ದ ಆ ಬೂಟು ಇಂದಿಗೂ ನಮ್ಮ ಅಟ್ಟದ ಮೇಲಿದೆ. ಎಸೆಯಲು ಧೈರ್ಯವಿಲ್ಲ, ಯಾರಾದರೂ ಎತ್ತಿಕೊಂಡಾರು.