ಭಾನುವಾರ ಒಂದರಿಂದ ಮೂರು

ಜರ್ಮನಿಯ ಆ ಊರಿನಲ್ಲಿ ನಾವು ಹನ್ನೊಂದು ವರ್ಷ ಇದ್ದೆವು. ನನ್ನವರಿಗೆ ಯಂತ್ರದ ಕಾರ್ಖಾನೆ, ನನಗೆ ಮೂರನೇ ಮಹಡಿಯ ಕಿಟಕಿ. ಹೋದ ಹೊಸತರಲ್ಲಿ ಒಂದು ಭಾನುವಾರ ಮಧ್ಯಾಹ್ನ, ಮೀನು ಸಾರಿಗೆಂದು ಬಾಲ್ಕನಿಯಲ್ಲಿ ತೆಂಗಿನಕಾಯಿ ಒಡೆದೆ. ಮರುದಿನ ಅಂಚೆಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಕಾಗದ: ಭಾನುವಾರ ಇಲ್ಲಿ ಯಾರೂ ಏನನ್ನೂ ಕುಟ್ಟುವುದಿಲ್ಲ, ನಿಮ್ಮ ಸದ್ದು ಒಂದೂ ಹತ್ತಕ್ಕೆ ಶುರುವಾಗಿ ಒಂದೂ ಹದಿನಾಲ್ಕಕ್ಕೆ ನಿಂತಿತು. ಕೆಳಗಿನ ಮನೆಯ ಮುದುಕಿಯ ಸಹಿ. ಅದೇ ಬೆಳಿಗ್ಗೆ ಮೆಟ್ಟಿಲಲ್ಲಿ ಆಕೆ ನನಗೆ ನಕ್ಕು 'ಗುಟನ್ ಮಾರ್ಗನ್' ಅಂದಿದ್ದಳು. ಸೋ ಪೊಲೈಟ್!

ಆ ದಿನ ಅತ್ತೆ. ಆಮೇಲೆ ಅದೇ ಹಿಡಿಸಿತು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಗಂಟೆ ಹೊಡೆದರೆ ಸೈಲೆನ್ಸ್ ಬೀಳುತ್ತಿತ್ತಲ್ಲ, ಅಲ್ಲಿ ಇಡೀ ಊರಿಗೇ ಅದು ಬೀಳುತ್ತಿತ್ತು. ಖಾಲಿ ಬಾಟಲಿಯನ್ನೂ ಭಾನುವಾರ ಡಬ್ಬಕ್ಕೆ ಹಾಕುವಂತಿಲ್ಲ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ಜನ ನಿಲ್ಲುತ್ತಿದ್ದರು, ನಾನೂ ನಿಂತೆ. ಮೇಲಿನ ಬಾಡಿಗೆದಾರ ಗೋಡೆ ಕೊರೆದಾಗ ನಾನೂ ಒಂದು ಕಾಗದ ಹಾಕಿದೆ. ಸದ್ದು ನಿಂತಿತು. ಆ ಭಾನುವಾರಗಳು ಈಗಲೂ ನನಗೆ ಬೇಕು ಅನಿಸುತ್ತವೆ.

ಈಗ ಮುಂಬೈ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ ಮೊದಲ ಮಹಡಿ. ಕೆಳಗೆ ವಾಚ್‌ಮನ್‌ನ ಒಂದೇ ಕೋಣೆ. ಅವನ ಹೆಂಡತಿ ಕಲಬುರಗಿಯವಳು. ಅವರ ಕಡೆಯ ಕಟ್ಟಡ ಕೆಲಸದವರಿಗೆ ಇಡೀ ವಾರಕ್ಕಾಗುವ ಜೋಳದ ರೊಟ್ಟಿ ಬಡಿದು ಒಣಗಿಸಿ ಕೊಡುತ್ತಿದ್ದಳು, ಅದೂ ಭಾನುವಾರವೇ. ಟಪ್ ಟಪ್ ಟಪ್, ಒಂದರಿಂದ ಮೂರು. ಮೆಟ್ಟಿಲಲ್ಲಿ ಸಿಕ್ಕಾಗ ನಾನು ಅನ್ನುವ 'ಗುಡ್ ಮಾರ್ನಿಂಗ್' ಕಲಿತು, ನನಗೇ ತಿರುಗಿ ಒಪ್ಪಿಸುತ್ತಿದ್ದಳು. ಹದಿನಾರು ಮೆಟ್ಟಿಲು ಇಳಿದು ಕನ್ನಡದಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಟ್ಟಡದ ಸೊಸೈಟಿಗೆ ನೀಲಿ ಕಾಗದದಲ್ಲಿ ದೂರು ಬರೆದೆ, ಹೊತ್ತು, ನಿಮಿಷ ಸಮೇತ.

ಸೆಕ್ರೆಟರಿ ಕುಣಿದುಬಿಟ್ಟ. "ಮ್ಯಾಡಮ್, ಕ್ಯಾ ಇಂಗ್ಲಿಷ್ ಲಿಖಾ ಹೈ! ಕಮಿಟಿಗೆ ಇಂಥದ್ದೇ ಒಂದು ಕಾಗದ ಬೇಕಿತ್ತು." ವಾಚ್‌ಮನ್‌ನ ಆ ಕೋಣೆ ಸೊಸೈಟಿಯ ಆಫೀಸಾಗಬೇಕೆಂದು ಅವರಿಗೆ ಮೊದಲಿನಿಂದಲೂ ಆಸೆ. ನನಗೆ ಬೇಕಿದ್ದದ್ದು ಎರಡು ಗಂಟೆಯ ಸೈಲೆನ್ಸ್. ಆದರೂ ಸುಮ್ಮನಿದ್ದೆ. ಹೊಗಳಿಕೆ ಹಿತವಾಗಿತ್ತು.

ಮುಂದಿನ ಭಾನುವಾರ ಅವಳು ಮೇಲೆ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

"ಅಮ್ಮಾರ, ನಿಮಗ ಇಂಗ್ಲಿಷ್ ಬರ್ತದಲ್ರೀ, ಒಂದು ಅರ್ಜಿ ಬರದು ಕೊಡ್ರಿ. ನಾಳಿ ರೂಮ್ ಖಾಲಿ ಮಾಡ್ರಿ ಅಂದಾರ. ಅಷ್ಟು ದೂರ ದಿವಾ ಊರಿಗೆ ಹೋದ್ರ ನನ್ನ ರೊಟ್ಟಿ ಯಾರು ಒಯ್ತಾರ್ರಿ?"

"ಯಾಕಂತೆ?"

"ಯಾರೋ ಕಂಪ್ಲೇಂಟ್ ಕೊಟ್ಟಾರಂತ, ರೊಟ್ಟಿ ಸಪ್ಪಳಕ್ಕ!" ಅವಳಿಗೆ ನಗು ತಡೆಯಲಾಗಲಿಲ್ಲ. "ಅವರೇನು ರೊಟ್ಟಿ ತಿನ್ನೂದಿಲ್ಲೇನ್ರಿ? ನಿಮ್ಮ ಮಾತಂದ್ರ ಸಾಹೇಬ್ರು ಕೇಳ್ತಾರ."

ಕೇಳುತ್ತಿದ್ದರು, ನಿಜ. ಆದರೆ ಅದೇ ಕೈಬರಹ, ಅದೇ ನೀಲಿ ಕಾಗದ. ಸೆಕ್ರೆಟರಿ ಎರಡನ್ನೂ ಅಕ್ಕಪಕ್ಕ ಇಟ್ಟು ನಗುವುದು ಕಣ್ಣಿಗೆ ಕಟ್ಟಿತು.

"ಇವತ್ತು ಸಂಡೇ ಅಲ್ವಾ," ಅಂದೆ. "ಸಂಡೇ ನಾನು ಪೆನ್ನು ಮುಟ್ಟೋದಿಲ್ಲ. ನಾಳೆ ಬಾ."

ನಂಬಿದಳು. "ಆಯ್ತ್ರಿ ಅಮ್ಮಾರ," ಅಂದು ಇಳಿದಳು.

ಸೋಮವಾರ ನಾನು ಹಾಲಿಗೆಂದು ಇಳಿದಾಗ ಕೋಣೆಗೆ ಬೀಗ ಬಿದ್ದಿತ್ತು. ಟೆಂಪೋದಲ್ಲಿ ಹೆಂಚು, ಹಿಟ್ಟು ನಾದುವ ಕೊಣಮಿಗೆ, ಹಾಸಿಗೆ. ಅವಳು ಬಳಿ ಬಂದಳು. "ಅರ್ಜಿ ಇರ್ಲಿ ಬಿಡ್ರಿ, ಗಾಡಿ ಬಂದದ."

ನಾನು ನಕ್ಕು 'ಗುಡ್ ಮಾರ್ನಿಂಗ್' ಅಂದೆ.

"ಗುಡ್ ಮಾರ್ನಿಂಗ್ ರೀ ಅಮ್ಮಾರ," ಅಂದಳು.